ಪೆಕಾರೆಕ್ ಅಂಗಡಿಯ ಹಸಿರು ಸ್ಟೂಲು

ಬ್ರಾಡ್‌ಹರ್ಸ್ಟ್ ಊರನ್ನು ಎಲ್ಡನ್ ವಾವ್ರಾನಷ್ಟು ಕೆಳಗಿನಿಂದ ನೋಡಿದವರು ಇನ್ನೊಬ್ಬರಿಲ್ಲ. ಶಿಕಾಗೋದ ಪಶ್ಚಿಮಕ್ಕೆ ಅಂಟಿಕೊಂಡ ಈ ಊರಿನ ಜನ ನಲವತ್ತಾರು ವರ್ಷ ಎಲ್ಲೆಲ್ಲಿ ಕುಂಡೆ ಊರಿದರೋ ಅಲ್ಲೆಲ್ಲ ಅವನ ಕೈ ಓಡಾಡಿತ್ತು. ಅವನದು ಕುಶನ್ ಕೆಲಸ. ಹೋಟೆಲಿನ ಬೆಂಚು, ಕ್ಷೌರದಂಗಡಿಯ ಕುರ್ಚಿ, ಚಿತ್ರಮಂದಿರದ ಸೀಟು, ಇಗರ್ಜಿಯಲ್ಲಿ ಮೊಣಕಾಲೂರುವ ಮೆತ್ತೆ, ಯಾವುದು ಹರಿದರೂ ಎಲ್ಡನ್ನನಿಗೇ ಹೇಳಿಕಳಿಸುತ್ತಿದ್ದರು.

ಉಳಿದವರು ಊರಿನ ಹಳೆಯ ಅಂಗಡಿಗಳನ್ನು ಬೋರ್ಡಿನಿಂದ ನೆನಪಿಟ್ಟುಕೊಂಡರೆ ಇವನು ಸವೆತದಿಂದ ನೆನಪಿಟ್ಟುಕೊಂಡಿದ್ದ. ಡೋಟಿಯ ಹೋಟೆಲಿನ ಕೆಂಪು ರೆಕ್ಸಿನ್ ಬೆಂಚುಗಳು ಯಾವಾಗಲೂ ಹೊರ ಅಂಚಿನಲ್ಲೇ ಹರಿಯುತ್ತಿದ್ದವು, ತಿಂದು ತೇಗಿದವರು ಜರುಗಿಕೊಂಡು ಏಳುವ ಕಡೆ. ಒಲಿಂಪಿಯಾ ಚಿತ್ರಮಂದಿರದಲ್ಲಿ ಕೊನೆಯ ಸಾಲು ಎಲ್ಲಕ್ಕಿಂತ ಮೊದಲು ಲಡ್ಡಾಗುತ್ತಿತ್ತು. ಯಾಕೆ ಎಂದು ಪಾದ್ರಿಗಳೂ ಕೇಳುತ್ತಿರಲಿಲ್ಲ. ಹಲ್ಲಿನ ಡಾಕ್ಟರ್ ಥೋರ್ಸನ್ನರ ಕುರ್ಚಿಯಲ್ಲಿ ಕೂರುವ ಜಾಗ ಹೊಸದರ ಹಾಗೇ ಇರುತ್ತಿತ್ತು, ಕೈಯಿಡುವ ಜಾಗ ಮಾತ್ರ ಬೆಕ್ಕು ಪರಚಿದ ಹಾಗೆ ಕಿತ್ತುಹೋಗಿರುತ್ತಿತ್ತು.

ಈಗ ಡೋಟಿಯ ಹೋಟೆಲಿದ್ದಲ್ಲಿ ಡಯಾಲಿಸಿಸ್ ಕೇಂದ್ರ ಇದೆ. ಒಲಿಂಪಿಯಾವನ್ನು ಕೆಡವಿ ಕಾರು ನಿಲ್ಲಿಸುವ ಬಯಲು ಮಾಡಿದ್ದಾರೆ. ಸ್ಟಾರ್‌ಲೈಟ್ ಬೌಲಿಂಗ್ ಮನೆ ಇದ್ದಲ್ಲಿ ಜನ ತಮ್ಮ ಮನೆಯಲ್ಲಿ ಹಿಡಿಸದ ಸಾಮಾನನ್ನು ಬಾಡಿಗೆಗೆ ಇಡುವ ಗೋದಾಮು ಎದ್ದಿದೆ. ಆದರೆ ದಾರಿ ಕೇಳಿದರೆ ಎಲ್ಡನ್ ಇವತ್ತಿಗೂ "ಒಲಿಂಪಿಯಾ ಹತ್ರ ಎಡಕ್ಕೆ ಹೊರಳಿ, ಡೋಟಿ ಹೋಟೆಲು ದಾಟಿ" ಎನ್ನುತ್ತಾನೆ. ಹೊಸದಾಗಿ ಬಂದವರು ಪಾಪ, ಇಲ್ಲದ ಒಲಿಂಪಿಯಾವನ್ನು ಹುಡುಕಿಕೊಂಡು ಎರಡು ಸುತ್ತು ಹೊಡೆದು ಮತ್ತೆ ಇವನ ಮನೆ ಮುಂದೆಯೇ ಬಂದು ನಿಲ್ಲುತ್ತಾರೆ.

ಕೆಲಸದ ಹೊತ್ತಿನಲ್ಲಿ ಅವನು ಮಾತಾಡುತ್ತಿರಲಿಲ್ಲ. ಆಡುವಂತೆಯೂ ಇರಲಿಲ್ಲ, ಬಾಯಿ ತುಂಬ ಮೊಳೆ. ಒಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಂಡು, ನಾಲಿಗೆಯಲ್ಲಿ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಕಚ್ಚಿಸಿ ಟಕ್ ಎಂದು ಹೊಡೆಯುವುದು ಅವನ ಕಸುಬಿನ ರೀತಿ. ಊರಿನವರೆಲ್ಲ ಅವನ ತಲೆಯ ಮೇಲೆ ಮಾತಾಡುತ್ತಿದ್ದರು. ಇವನು ಕೆಳಗೆ ಕೂತು ಕೇಳಿಸಿಕೊಳ್ಳುತ್ತಿದ್ದ. ಆಡದೆ ಉಳಿದದ್ದು ಎಲ್ಲಾದರೂ ಹೋಗಲೇಬೇಕಲ್ಲ. ಹಾಗಾಗಿ ಬಟ್ಟೆ ಮುಚ್ಚುವ ಮೊದಲು, ಸೀಟಿನ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಸಾಲು ಗೀಚುವ ಅಭ್ಯಾಸ ಮಾಡಿಕೊಂಡ. ತಾರೀಖು, ಹವಾಮಾನ, ಆಮೇಲೆ ಮನಸ್ಸಿಗೆ ಬಂದದ್ದು. "1968 ಆಗಸ್ಟ್ 9. ಸೆಖೆ. ಕ್ಷೌರದ ನಿಕ್ ಇವತ್ತೂ ಅದೇ ಜೋಕು ಹೇಳಿದ." "1979 ಜನವರಿ 15. ಹಿಮ ಎದೆಮಟ್ಟ. ಡೋಟಿ ಸೂಪಿಗೆ ಉಪ್ಪು ಮರೆತಳು, ಯಾರಿಗೂ ಹೇಳುವ ಧೈರ್ಯವಿಲ್ಲ." ಮುಂದಿನ ಸಲ ಹರಿಯುವ ತನಕ ಅದನ್ನು ಯಾರೂ ನೋಡುವುದಿಲ್ಲ, ಹರಿದಾಗ ನೋಡುವವನೂ ತಾನೇ.

ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದಾಗ ಸಾಮಾನಿನ ಹರಾಜಿಗೆ ಎಲ್ಡನ್ ತಪ್ಪದೆ ಹೋದ. ಬೇರೆಯವರು ಗಲ್ಲಾಪೆಟ್ಟಿಗೆ, ದೀಪ, ಗಡಿಯಾರ ಎಂದು ಮುಗಿಬಿದ್ದರೆ ಇವನು ಒಂದು ಕುರ್ಚಿ ಹೊತ್ತುಕೊಂಡು ಬರುತ್ತಿದ್ದ. ಹೀಗೆ ನೆಲಮಾಳಿಗೆಯಲ್ಲಿ ಹದಿನೆಂಟು ಆಸನಗಳು ಸೇರಿದವು. ಭಾನುವಾರ ಇಸ್ಪೀಟಾಡಲು ಬರುವ ಗೆಳೆಯರಿಗೆ ಅವರವರ ಜಾಗ ಖಾಯಂ. ಒಬ್ಬ ಕ್ಷೌರದ ಕುರ್ಚಿಯಲ್ಲಿ ಒರಗಿದರೆ ಇನ್ನೊಬ್ಬ ಒಲಿಂಪಿಯಾ ಸೀಟಿನಲ್ಲಿ. ಹಲ್ಲಿನ ಡಾಕ್ಟರ ಕುರ್ಚಿ ಸೋತವನಿಗೆ.

"ಊರಿಗೆಲ್ಲ ಕೂರೋಕೆ ಜಾಗ ಇದೆ ಈ ಮನೇಲಿ," ಎನ್ನುತ್ತಿದ್ದಳು ಹೆಂಡತಿ ಮಾರ್ಸೆಲಾ, "ನನ್ನ ಬಟ್ಟೆ ಒಣಗಿಸೋ ಸ್ಟ್ಯಾಂಡಿಗೆ ಮಾತ್ರ ಇಲ್ಲ. ನಾನು ಸತ್ರೆ ಶವಪೆಟ್ಟಿಗೆ ಎಲ್ಲಿಡ್ತೀಯೋ ಈಗ್ಲೇ ನೋಡ್ಕೊಂಡಿರು."

ಆ ಹದಿನೆಂಟರಲ್ಲಿ ಒಂದರ ಮೇಲೆ ಮಾತ್ರ ಯಾರೂ ಕೂರುವಂತಿರಲಿಲ್ಲ. ಮರದ ನಾಲ್ಕು ಕಾಲಿನ, ಹಸಿರು ರೆಕ್ಸಿನ್ ಹೊದಿಸಿದ ಎತ್ತರದ ದುಂಡು ಸ್ಟೂಲು ಅದು. ಡಿಪೋ ರಸ್ತೆಯ ಪೆಕಾರೆಕ್ ಶೂ ಅಂಗಡಿಯದು. ಅದರ ಮೇಲೆ ಹದಿನೇಳು ವರ್ಷ ಕೂತು ಗಿರಾಕಿಗಳಿಗೆ ರಸೀದಿ ಹರಿದುಕೊಟ್ಟವಳು ಮಾರ್ಸೆಲಾಳೇ. ಅದನ್ನು ಎಲ್ಡನ್ ಮೂಲೆಯಲ್ಲಿಟ್ಟು ಮೇಲೊಂದು ಹಳೆಯ ಪರದೆ ಹೊದಿಸಿದ್ದ. ಹೆಂಡತಿಯ ಮೇಲಿನ ಪ್ರೀತಿ ಎಂದು ಗೆಳೆಯರು ಕಣ್ಣು ಮಿಟುಕಿಸುತ್ತಿದ್ದರು. ಇವನು ಹುಂ ಎನ್ನುತ್ತಿರಲಿಲ್ಲ, ಉಹುಂ ಎನ್ನುತ್ತಲೂ ಇರಲಿಲ್ಲ.

ನಿಜ ಸಂಗತಿ ಬೇರೆ. 1971ರ ಏಪ್ರಿಲ್ ತಿಂಗಳಲ್ಲಿ, ಮದುವೆಗೆ ಎರಡು ತಿಂಗಳಿರುವಾಗ, ಗ್ರ್ಯಾಂಡ್ ರಾಪಿಡ್ಸ್ ಊರಿನ ಪೀಠೋಪಕರಣ ಕಾರ್ಖಾನೆಯಿಂದ ಅವನಿಗೆ ಕೆಲಸದ ಕಾಗದ ಬಂದಿತ್ತು. ಇಪ್ಪತ್ತೈದರ ಹುಡುಗನಿಗೆ ತಲೆ ತಿರುಗಿತು. ಊರು, ಮದುವೆ, ಮಾರ್ಸೆಲಾಳ ಆರು ಜನ ಸೋದರಮಾವಂದಿರು, ಎಲ್ಲ ಬಿಟ್ಟು ಓಡಿಬಿಡಬೇಕು ಅನ್ನಿಸಿತು. ಅದೇ ವಾರ ಪೆಕಾರೆಕ್ ಮುದುಕ ಸ್ಟೂಲು ರಿಪೇರಿಗೆ ಕೊಟ್ಟ. ಹಲಗೆಯ ಮೇಲೆ ಎಲ್ಡನ್ ಬರೆದ: "1971 ಏಪ್ರಿಲ್ 15. ಮಳೆ. ಸೋಮವಾರ ಗ್ರ್ಯಾಂಡ್ ರಾಪಿಡ್ಸ್‌ಗೆ ಹೋಗ್ತೀನಿ. ಮಾರ್ಸಿಗೆ ಹೇಳಲ್ಲ." ಮೇಲೆ ನಾರು ತುಂಬಿ, ಹಸಿರು ರೆಕ್ಸಿನ್ ಎಳೆದು ಕಟ್ಟಿ, ಇಪ್ಪತ್ನಾಲ್ಕು ಮೊಳೆ ಹೊಡೆದು ಕೊಟ್ಟುಬಂದ. ಮರುದಿನದಿಂದ ಮಾರ್ಸೆಲಾ ಆ ಸಾಲಿನ ಮೇಲೆಯೇ ಕೂತು ಅವನಿಗೆ ಕಿಟಕಿಯಿಂದ ಕೈ ಬೀಸುತ್ತಿದ್ದಳು.

ಅವನು ಹೋಗಲಿಲ್ಲ. ಹಾಗಂತ ಪ್ರೀತಿ ಉಕ್ಕಿ ನಿಂತನೆಂದೂ ಅಲ್ಲ. ಆ ಭಾನುವಾರ ಸ್ಟಾರ್‌ಲೈಟ್‌ನಲ್ಲಿ ದಢೂತಿ ಆಟಗಾರರ ತಂಡವೊಂದು ಒಟ್ಟಿಗೆ ಕುಣಿದು ಮೂರು ಬೆಂಚು ಮುರಿಯಿತು. ಮಾಲೀಕ ಕೈಕಾಲು ಹಿಡಿದುಕೊಂಡ. ರಿಪೇರಿಗೆ ಒಂದು ವಾರ ಬೇಕಾಯಿತು. ಅಷ್ಟರಲ್ಲಿ ಗ್ರ್ಯಾಂಡ್ ರಾಪಿಡ್ಸ್‌ನವರು ಬೇರೆಯವನನ್ನು ತೆಗೆದುಕೊಂಡಿದ್ದರು. ಜೂನ್‌ನಲ್ಲಿ ಮದುವೆಯಾಯಿತು. ಮೂರು ಬೌಲಿಂಗ್ ಬೆಂಚುಗಳ ದೆಸೆಯಿಂದ ತಾನು ಗಂಡನಾದೆ ಎಂಬ ಈ ಮಾತನ್ನು ಅವನು ಐವತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ.

ಆ ಸಾಲನ್ನು ಒರೆಸಿಹಾಕಬಹುದಿತ್ತಲ್ಲ ಎಂದರೆ, ಮೊಳೆ ಕೀಳುವ ಚಿಮಟ ಹಿಡಿದು ಎಷ್ಟೋ ಸಲ ನೆಲಮಾಳಿಗೆಗೆ ಇಳಿದಿದ್ದ. ಪ್ರತಿ ಸಲವೂ ಹಾಗೇ ಮೇಲೆ ಹತ್ತಿ ಬಂದಿದ್ದ. ತೆರೆದರೆ ಓದಬೇಕಾಗುತ್ತದೆ. ಸ್ಟೂಲನ್ನು ಮಗುಚಿ ನೋಡುವ ಧೈರ್ಯ ಕೂಡ ಅವನಿಗೆ ಒಂದು ದಿನವೂ ಬರಲಿಲ್ಲ.

ಹೀಗಿರುವಾಗ ಫೆಬ್ರವರಿಯಲ್ಲಿ ಎರಡು ದಿನ ಬಿಡದೆ ಹಿಮ ಬಿತ್ತು. ಮೂರನೆಯ ದಿನ ಎಲ್ಡನ್ ಸಲಿಕೆ ಹಿಡಿದು, ಮನೆ ಮುಂದೆ ಹೂತುಹೋಗಿದ್ದ ಕಾರನ್ನು ಎರಡು ಗಂಟೆ ಅಗೆದು ಹೊರಗೆಳೆದ. ಅಗೆದವನದೇ ಜಾಗ, ಅದು ಇಲ್ಲಿಯ ಬೀದಿಬೀದಿಯ ಕಾನೂನು. ಕಾರು ತೆಗೆದುಕೊಂಡು ಹೋಗುವಾಗ ಆ ಜಾಗದಲ್ಲಿ ಒಂದು ಹಳೆಯ ಕುರ್ಚಿ ಇಟ್ಟರಾಯಿತು, ಬರುವ ತನಕ ಅಲ್ಲಿ ಯಾರೂ ಕಾರು ನಿಲ್ಲಿಸುವುದಿಲ್ಲ. ವಾವ್ರಾ ಮನೆಯವರು ಇದಕ್ಕೆಂದೇ ಪಟ್ಟಿ ಹರಿದ ಮಡಿಚುವ ಕುರ್ಚಿಯೊಂದನ್ನು ಗ್ಯಾರೇಜಿನ ಗೋಡೆಗೆ ನೇತುಹಾಕಿದ್ದರು.

ಪುರಸಭೆಗೆ ಈ ಕುರ್ಚಿಗಳನ್ನು ಕಂಡರಾಗದು. ಗುರುವಾರ ಬೆಳಿಗ್ಗೆ ಹತ್ತರ ನಂತರ ಬೀದಿಯಲ್ಲಿ ಕಂಡ ಕುರ್ಚಿಗಳನ್ನೆಲ್ಲ ಲಾರಿಗೆ ಹಾಕುತ್ತೇವೆ ಎಂದು ಬುಧವಾರವೇ ಎಲ್ಲರ ಫೋನಿಗೂ ಸಂದೇಶ ಕಳಿಸಿದ್ದರು. ಎಲ್ಡನ್ನನ ಫೋನು ಸದಾ ಡ್ರಾಯರಿನಲ್ಲಿ ಮಲಗಿರುತ್ತದೆ. ಮಾರ್ಸೆಲಾ ಮಾತ್ರ ಬಂದ ಸಂದೇಶವನ್ನೆಲ್ಲ ಎರಡೆರಡು ಸಲ ಓದುವವಳು.

ಗುರುವಾರ ಒಂಬತ್ತಕ್ಕೆ ಅವನು ಹಿಡಿದುಕೊಂಡ ಬೆನ್ನನ್ನು ಫಿಸಿಯೋಥೆರಪಿಯವಳಿಗೆ ತೋರಿಸಲು ಹೊರಟ. "ಕುರ್ಚಿ ಇಡ್ತೀಯಾ ಮಾರ್ಸಿ?" ಎಂದು ಕೂಗಿದ. "ಇಡ್ತೀನಿ ಹೋಗು," ಎಂದಳು ಅವಳು ಅಡಿಗೆಮನೆಯಿಂದ. ಹನ್ನೊಂದೂವರೆಗೆ ಬಂದು ನೋಡಿದರೆ ಜಾಗ ಖಾಲಿ, ಕುರ್ಚಿಯೂ ಇಲ್ಲ. ಕಾರು ನಿಲ್ಲಿಸಿ ಒಳಗೆ ಬಂದ.

"ಲಾರಿ ತಗೊಂಡೋಯ್ತು," ಎಂದಳು ಮಾರ್ಸೆಲಾ, ಆಲೂಗಡ್ಡೆಯಿಂದ ತಲೆಯೆತ್ತದೆ.

"ಹೋದ್ರೆ ಹೋಗ್ಲಿ ಬಿಡು. ಹರಿದೋಗಿತ್ತು."

"ಆ ಕುರ್ಚಿ ಅಲ್ಲ. ಅದು ಗೋಡೆ ಮೇಲೇ ಇದೆ. ನಾನು ಕೆಳಗಿಂದ ಹಸಿರು ಸ್ಟೂಲು ತಂದಿಟ್ಟಿದ್ದೆ."

ಎಲ್ಡನ್ನನಿಗೆ ಬೆನ್ನುನೋವು ಮರೆತೇಹೋಯಿತು. "ಯಾಕೆ? ಅದನ್ನ ಯಾಕೆ ತಂದೆ?"

"ನಂದೇ ಸ್ಟೂಲು ಕಣೋ. ಹದಿನೇಳು ವರ್ಷ ನಾನೇ ಸವೆಸಿದ್ದು. ಬೀದಿಲಿಡೋಕೆ ನಿನ್ನ ಅಪ್ಪಣೆ ಬೇಕಾ?"

ಅವನು ಬಿಚ್ಚಿದ ಕೋಟನ್ನು ಮತ್ತೆ ಏರಿಸಿದ. ಹಿಮಕ್ಕೆ ನೆನೆದು ರೆಕ್ಸಿನ್ ಬಿಟ್ಟುಕೊಂಡರೆ, ಲಾರಿಯ ಹುಡುಗರು ಕಿತ್ತೆಸೆದರೆ, ಯಾರಾದರೂ ಓದಿ ಊರ ಹಳೆಯ ನೆನಪುಗಳ ಫೇಸ್‌ಬುಕ್ ಗುಂಪಿಗೆ ಚಿತ್ರ ಹಾಕಿಬಿಟ್ಟರೆ! ಆ ಗುಂಪಿನಲ್ಲಿ ದಿನಕ್ಕೆ ಹತ್ತು ಸಲ ಇಣುಕುವವಳು ಇಲ್ಲೇ ಆಲೂಗಡ್ಡೆ ಹೆಚ್ಚುತ್ತಿದ್ದಾಳೆ. ಒಬ್ಬನೇ ಹೋಗಿ ತಂದುಬಿಡೋಣವೆಂದು ಕಾರಿನ ಕೀಲಿ ಹುಡುಕಿದರೆ ಅದು ಮಾರ್ಸೆಲಾಳ ಕೈಯಲ್ಲಿತ್ತು, ಅವಳ ಕಾಲಿನಲ್ಲಿ ಆಗಲೇ ಬೂಟು.

"ನಾನೂ ಬರ್ತೀನಿ. ಮನೇಲಿ ಕೂತೂ ಕೂತೂ ಬೇಜಾರು."

ಪುರಸಭೆಯ ಗೋದಾಮು ಹಳೆಯ ಇಟ್ಟಿಗೆ ಗೂಡಿದ್ದ ಕಡೆ, ಊರಿನ ಆ ತುದಿ. ದಾರಿಯಲ್ಲಿ ಎಲ್ಡನ್ ಗಡುವು ಹಾಕಿಕೊಂಡ: ಡೋಟಿಯ ಹೋಟೆಲು ದಾಟುವಷ್ಟರಲ್ಲಿ ಹೇಳಿಬಿಡಬೇಕು. ಡಯಾಲಿಸಿಸ್ ಕೇಂದ್ರ ಬಂತು, ಹೋಯಿತು. ಒಲಿಂಪಿಯಾ ಹತ್ತಿರ ಖಂಡಿತ ಎಂದುಕೊಂಡ. ಬಯಲಿನಲ್ಲಿ ಹಿಮದ ಗುಡ್ಡೆ ಕಂಡಿತು, ಬಾಯಿ ತೆರೆಯಿತು, ಬಂದದ್ದು ಕೆಮ್ಮು.

"ಮೊಳೆ ನುಂಗಿದ್ಯಾ?" ಎಂದಳು ಮಾರ್ಸೆಲಾ. "ಆ ಸ್ಟೂಲಿಗೆ ಯಾಕಿಷ್ಟು ಒದ್ದಾಡ್ತೀಯ?"

"ಹಳೇದು ಅಲ್ವಾ."

"ನಾನೂ ಹಳೇವಳೇ. ನಂಗೋಸ್ಕರ ಯಾವತ್ತಾದ್ರೂ ಇಷ್ಟು ಜೋರಾಗಿ ಕಾರು ಓಡಿಸಿದ್ಯಾ? ಹೆರಿಗೆಗೆ ಹೋಗುವಾಗ ದಾರೀಲಿ ನಿಲ್ಸಿ ನಿಕ್ ಕುರ್ಚಿ ಡೆಲಿವರಿ ಕೊಟ್ಟೋನು ನೀನು."

ಅವಳಿಗೆ ಇವತ್ತು ಯಾಕೋ ಬಹಳ ಗೆಲುವು. ಸ್ಟಾರ್‌ಲೈಟ್ ಇದ್ದ ಕಡೆ ಬರುತ್ತಲೇ, "ಇಲ್ಲಿ ಬೆಂಚು ಎಷ್ಟು ಗಟ್ಟಿ ಇತ್ತು ನೆನಪಿದ್ಯಾ?" ಎಂದಳು. ಎಲ್ಡನ್ ಹೇಳಬೇಕಿದ್ದ ಮಾತನ್ನು ಅಲ್ಲಿಯೂ ನುಂಗಿಕೊಂಡ.

ಗೋದಾಮಿನ ಅಂಗಳದಲ್ಲಿ ಕುರ್ಚಿಗಳ ಬೆಟ್ಟವೇ ಬಿದ್ದಿತ್ತು. ಪ್ಲಾಸ್ಟಿಕ್ಕಿನವು, ಕಾಲು ಮುರಿದವು, ಇಸ್ತ್ರಿ ಮಾಡುವ ಹಲಗೆ, ಕ್ರಿಸ್ಮಸ್ಸಿಗೆ ಅಂಗಳದಲ್ಲಿಡುವ ಗಾರೆಯ ಸಂತ ಜೋಸೆಫ್ ಕೂಡ. ಕಾವಲಿಗೆ ಯೆಸೇನಿಯಾ ಎಂಬ ಹುಡುಗಿ ಕಿವಿಮುಚ್ಚುವ ಟೋಪಿ ಹಾಕಿಕೊಂಡು ನಿಂತಿದ್ದಳು. ಹಸಿರು ಸ್ಟೂಲು ಬೇರೆಯಾಗಿ, ಒಳ್ಳೆಯ ಸಾಮಾನುಗಳ ಸಾಲಿನಲ್ಲಿತ್ತು. ರೆಕ್ಸಿನ್ ಒದ್ದೆಯಾಗಿದ್ದರೂ ಹರಿದಿರಲಿಲ್ಲ. ಎಲ್ಡನ್ನನಿಗೆ ಹೋದ ಜೀವ ಬಂದಂತಾಯಿತು.

"ಅದೇ ನಮ್ದು," ಎಂದು ಕೈಚಾಚಿದ.

"ನಿಧಾನ ತಾತಾ," ಎಂದಳು ಯೆಸೇನಿಯಾ. "ಆ ಸ್ಟೂಲು ತಮ್ದು ಅಂತ ಆಗ್ಲೇ ಇಬ್ರು ಬಂದೋದ್ರು. ಚೆನ್ನಾಗಿರೋದೆಲ್ಲ ಎಲ್ಲರ್ದೂನೂ. ಏನಾದ್ರೂ ಗುರುತು ಹೇಳಿ."

ಕಸುಬಿನ ಮಾತು ಬಂದರೆ ಎಲ್ಡನ್ನನಿಗೆ ಮುಂದೆ ಹಿಂದೆ ನೋಡುವ ಬುದ್ಧಿ ಇರುವುದಿಲ್ಲ. ಎದೆಯುಬ್ಬಿಸಿ ಹೇಳಿದ: "ನಾನೇ ಮಾಡಿದ್ದಮ್ಮಾ ಅದನ್ನ. ಮಗುಚಿ ನೋಡು. ಇಪ್ಪತ್ನಾಲ್ಕು ಮೊಳೆ. ನೀಲಿ ಛಾಯೆ, ತಲೆ ಚಪ್ಪಟೆ. ಎರಡರ ಮಧ್ಯೆ ಸರಿಯಾಗಿ ಒಂದು ಹೆಬ್ಬೆರಳು. ಒಂದು ಕೂದಲೆಳೆ ಆಚೀಚೆ ಇದ್ರೆ ಸ್ಟೂಲು ನೀನೇ ಇಟ್ಕೋ."

ಯೆಸೇನಿಯಾ ಮಗುಚಿದಳು. ಕೈಗವಸಿನ ಬೆರಳಿಟ್ಟು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. "ಹದಿನೇಳಿದೆ ತಾತಾ. ಎಲ್ಲಾ ಹಳದಿ."

ಎಲ್ಡನ್ ಬಗ್ಗಿ ನೋಡಿದ. ಹಿತ್ತಾಳೆ ಮೊಳೆಗಳು, ಶೂ ಹಿಮ್ಮಡಿಗೆ ಹೊಡೆಯುವಂಥವು. ಒಂದು ಇಲ್ಲಿ, ಒಂದು ಅಲ್ಲಿ, ಮೂರು ಒಂದರ ಪಕ್ಕ ಒಂದು ಗುಂಪುಗೂಡಿ, ಒಂದು ಬಾಗಿಹೋಗಿ ಹಾಗೇ ಚಚ್ಚಿಸಿಕೊಂಡು. ಸುತ್ತಲೂ ಹಳೆಯ ತೂತುಗಳು. ಒಂದಲ್ಲ, ನಾಲ್ಕಾರು ಸಲ ಯಾರೋ ತೆರೆದು ಮುಚ್ಚಿದ್ದರು.

"ಇವು ನನ್ನ ಮೊಳೆ ಅಲ್ಲ," ಎಂದು ಅವನ ಬಾಯಿಂದ ತಾನಾಗಿ ಹೊರಬಿತ್ತು.

"ಹಾಗಾದ್ರೆ ಸ್ಟೂಲೂ ನಿಮ್ದಲ್ಲ ತಾತಾ."

"ಅವು ನನ್ನ ಮೊಳೆ ಕಣಮ್ಮಾ," ಎಂದಳು ಮಾರ್ಸೆಲಾ. "ಪೆಕಾರೆಕ್ ಶೂ ಅಂಗಡೀದು. ಬಾಗಿರೋದು ಇವತ್ತು ಬೆಳಿಗ್ಗೆ ಹೊಡೆದಿದ್ದು, ಕನ್ನಡಕ ಸಿಗ್ಲಿಲ್ಲ. ಸ್ಟೂಲು ಕೊಡು, ಕಾಲು ಮರಗಟ್ತಾ ಇದೆ."

ಯೆಸೇನಿಯಾ ಇಬ್ಬರ ಮುಖವನ್ನೂ ನೋಡಿ, ಸ್ಟೂಲು ಕೊಟ್ಟಳು.

ವಾಪಸು ಬರುವಾಗ ಎಲ್ಡನ್ ಎರಡು ಕಡೆ ಕೆಂಪು ದೀಪ ಕಂಡರೂ ನಿಲ್ಲಿಸದೆ ದಾಟಿದ, ಅವಳು ಬೈಯಲಿಲ್ಲ. ಮನೆ ಮುಂದೆ, ಎರಡು ಗಂಟೆ ಅಗೆದ ಜಾಗದಲ್ಲಿ, ಯಾರದೋ ಬೂದು ಕಾರು ಹಾಯಾಗಿ ನಿಂತಿತ್ತು. ಕೀಲಿಯ ಗಡಿಬಿಡಿಯಲ್ಲಿ ಹೊರಟ ಇಬ್ಬರೂ ಏನನ್ನೂ ಇಟ್ಟು ಹೋಗಿರಲಿಲ್ಲ. ಸುತ್ತಾಡಿ ಕೊನೆಗೆ ಒಲಿಂಪಿಯಾ ಬಯಲಿನಲ್ಲಿ ಕಾರು ಬಿಟ್ಟು, ಸ್ಟೂಲು ಹೆಗಲಿಗೇರಿಸಿ ಡಿಪೋ ರಸ್ತೆಯಲ್ಲಿ ನಡೆದರು. ಅರ್ಧ ದಾರಿಗೆ ಮಾರ್ಸೆಲಾಳ ಮೊಣಕಾಲು ಹಟ ಹಿಡಿಯಿತು.

"ಇಳಿಸು ಅದನ್ನ. ಸ್ವಲ್ಪ ಕೂತ್ಕೋತೀನಿ."

ಕೂತ ಮೇಲೆಯೇ ಇಬ್ಬರಿಗೂ ಗೊತ್ತಾದದ್ದು, ಅದು ಪೆಕಾರೆಕ್ ಅಂಗಡಿ ಇದ್ದ ಜಾಗ. ಈಗ ಮೊಬೈಲ್ ಫೋನಿನ ಅಂಗಡಿ. ಗಾಜಿನ ಆಚೆ ಅವಳು ಕೂರುತ್ತಿದ್ದಲ್ಲಿ ಫೋನಿನ ಕವಚಗಳು ನೇತಾಡುತ್ತಿದ್ದವು. ಅವಳು ಕಾಲುದಾರಿಯ ಮೇಲೆ, ಅದೇ ಎತ್ತರದಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು.

"ಯಾವಾಗ ಓದಿದೆ?" ಎಂದ ಎಲ್ಡನ್.

"ಎಪ್ಪತ್ನಾಲ್ಕರಲ್ಲಿ. ಸ್ಟೂಲು ಒಂದು ಕಡೆ ಬಿಟ್ಕೊಂಡಿತ್ತು. ಮೂರು ವಾರ ನಿನ್ನ ಹತ್ರ ಗೋಗರೆದೆ, ರಿಪೇರಿ ಮಾಡು ಅಂತ. ನೀನು ಏನೇನೋ ನೆಪ ಹೇಳ್ದೆ. ಊರಿನೋರ ಕುರ್ಚಿಯೆಲ್ಲ ಮಾಡೋ ಗಂಡ ನನ್ನದೊಂದು ಯಾಕೆ ಮುಟ್ಟಲ್ಲ ಅಂತ ನಾನೇ ಕಿತ್ತು ನೋಡ್ದೆ."

"ನಲವತ್ತೊಂಬತ್ತು ವರ್ಷ ಸುಮ್ನಿದ್ಯಾ?"

"ಮೊದಲ ದಿನ ಶೂ ಡಬ್ಬಗಳ ಹಿಂದೆ ಕೂತು ಅತ್ತೆ. ಚೆನ್ನಾಗೇ ಅತ್ತೆ. ಆಮೇಲೆ, ನೀನಾಗೇ ಹೇಳ್ತೀಯ ಅಂತ ಕಾದೆ. ಈ ವರ್ಷ ಅನ್ನಿಸ್ತು, ಇನ್ನೆಷ್ಟು ಚಳಿಗಾಲ ಕಾಯೋದು ಅಂತ. ಲಾರಿ ಹತ್ತು ಗಂಟೆಗೆ ಬರುತ್ತೆ ಅಂತ ಗೊತ್ತಿದ್ದೇ ಇಟ್ಟೆ."

ಎಲ್ಡನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಪೂರ್ತಿ ಕೇಳ್ಬಿಡು ಮಾರ್ಸಿ. ನಾನು ಉಳಿದಿದ್ದು ನಿಂಗೋಸ್ಕರ ಅಲ್ಲ. ಸ್ಟಾರ್‌ಲೈಟ್ ಬೆಂಚು ಮುರೀತು. ಮೂರು ಬೆಂಚು. ರಿಪೇರಿಗೆ ಒಂದು ವಾರ ಹಿಡೀತು, ಆ ಕೆಲಸ ಹೋಯ್ತು. ಅಷ್ಟೇ."

ಮಾರ್ಸೆಲಾ ಗಾಜಿನ ಕಡೆ ತಿರುಗಿದಳು. ಫೋನಿನಂಗಡಿಯ ಹುಡುಗ ಒಳಗಿಂದ ಕೈ ಬೀಸಿದ, ಅವಳೂ ಬೀಸಿದಳು.

"ಬೆಂಚಿಗೆ ಒಂದು ವಾರ," ಎಂದಳು. "ಮಿಕ್ಕ ಐವತ್ತೆರಡು ವರ್ಷ ಏನು ರಿಪೇರಿ ಮಾಡ್ತಿದ್ದೆ?"

ಎಲ್ಡನ್ ಟೋಪಿಯನ್ನು ಮತ್ತೆ ತಲೆಗೇರಿಸಿದ. ಅವಳ ಕೈ ಹಿಡಿದು ಎಬ್ಬಿಸಿದ.

ಮನೆಗೆ ಬಂದು ಅಡಿಗೆಮನೆಯ ಮೇಜಿನ ಮೇಲೆ ಸ್ಟೂಲು ಮಗುಚಿ, ಚಿಮಟದಿಂದ ಹದಿನೇಳು ಹಿತ್ತಾಳೆ ಮೊಳೆ ಕಿತ್ತ. ರೆಕ್ಸಿನ್ ಸರಿಸಿ, ನಾರು ಎತ್ತಿದ. ತನ್ನ ಸಾಲು ಅಲ್ಲೇ ಇತ್ತು, ಮಸುಕಾಗಿ. ಅದರ ಕೆಳಗೆ ಅವನದೇ ರೀತಿಯಲ್ಲಿ, ಅವಳ ದುಂಡಕ್ಷರ.

"1974 ಮೇ 2. ಬಿಸಿಲು. ಹೋಗಿಲ್ಲ."

"1986 ನವೆಂಬರ್ 29. ಗಾಳಿ. ಅಂಗಡಿ ಮುಚ್ಚಿತು. ಬೇರೆ ಏನೂ ತರದೆ ನನ್ನ ಸ್ಟೂಲು ಹೊತ್ತುಕೊಂಡು ಬಂದ. ಹೋಗಿಲ್ಲ."

"2003 ಅಕ್ಟೋಬರ್ 8. ಮೋಡ. ಅವನಿಗೆ ಮೊಣಕಾಲು ಆಪರೇಷನ್ ಆಯಿತು. ಈಗ ಹೋಗ್ತೀನಿ ಅಂದರೂ ಆಗಲ್ಲ."

ಕೊನೆಯದು ಇವತ್ತಿನದು, ಕನ್ನಡಕವಿಲ್ಲದೆ ಬರೆದದ್ದಕ್ಕೆ ಓರೆಕೋರೆಯಾಗಿತ್ತು. "ಹಿಮ. ಬೆನ್ನು ತೋರಿಸೋಕೆ ಹೋಗಿದ್ದಾನೆ. ಬರ್ತಾನೆ."

ಆ ಕೊನೆಯ ಪದವನ್ನು ಎಲ್ಡನ್ ಮೂರು ಸಲ ಓದಿದ. ಮುಖ ಮರೆಮಾಡಲು ಬೇರೇನೂ ತೋಚದೆ ಡಬ್ಬಿಯಿಂದ ಒಂದು ಹಿಡಿ ನೀಲಿ ಮೊಳೆ ತೆಗೆದು ಬಾಯಿಗೆ ಹಾಕಿಕೊಳ್ಳಲು ಹೊರಟ.

ಮಾರ್ಸೆಲಾ ಅವನ ಮಣಿಕಟ್ಟು ಹಿಡಿದಳು. "ಆಮೇಲೆ ಹಾಕ್ಕೋ ಮೊಳೆ. ಮೊದಲು ಬರಿ."

ಅವನು ಕಿವಿಯ ಹಿಂದಿನ ಪೆನ್ಸಿಲು ತೆಗೆದ. ತಾರೀಖು ಹಾಕಿದ, ಹಿಮ ಎಂದು ಬರೆದ.

"ಮಾರ್ಸಿಗೆ ಹೇಳಿದೆ," ಎಂದು ಬರೆದ. ಅವಳು ಬಗ್ಗಿ ಓದಿ, ತಲೆಯಾಡಿಸಿ, ಆಲೂಗಡ್ಡೆ ಬೇಯಲು ಇಡಲು ಹೋದಳು. ಅವನು ಇಪ್ಪತ್ನಾಲ್ಕು ಮೊಳೆ ಎಣಿಸಿ ಬಾಯಿಗೆ ಹಾಕಿಕೊಂಡು ಕೆಲಸಕ್ಕೆ ಕೂತ.